ಡಬಲ್ ಬಾಂಡ್ ಹೋಗಲಿ, ಕ್ಲೋರಿನ್ ಉಳಿಯಲಿ: ರಾಜೀವನಗರದ ಕೆಮಿಸ್ಟ್ರಿ ಮಕ್ಕಳಿಗೆ ಒಂಬತ್ತು ಸೂತ್ರ

ಮೈಸೂರಿನ ರಾಜೀವನಗರದ ಅಲ್-ಬದರ್ ಸರ್ಕಲ್ಲಿನಲ್ಲಿ ಬೆಳಗ್ಗೆ ನಿಂತರೆ ಎರಡು ಥರದ ಕೆಮಿಸ್ಟ್ರಿಯವರು ಕಣ್ಣಿಗೆ ಬೀಳುತ್ತಾರೆ. ಬೆನ್ನಿಗೆ ಬ್ಯಾಗು ಹಾಕಿಕೊಂಡು ಊರಿನ ಇನ್ನೊಂದು ತುದಿಯಲ್ಲಿರುವ ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಗೆ ಹೊರಟ ಎಂ.ಎಸ್ಸಿ.ಯವರು ಒಂದು ಕಡೆ. ನಂಜನಗೂಡಿನ ಔಷಧ ಕಾರ್ಖಾನೆಯ ಶಿಫ್ಟಿಗೆ ಹೊರಟವರು ಇನ್ನೊಂದು ಕಡೆ. ಇಬ್ಬರಿಗೂ ಒಂದಲ್ಲ ಒಂದು ದಿನ ಎದುರಾಗುವ ಕೆಲಸವೊಂದಿದೆ: ಹ್ಯಾಲೋಜನ್ ಅಂಟಿಕೊಂಡಿರುವ ಆಲ್ಕೀನಿಗೆ ಕ್ಯಾಟಲಿಸ್ಟ್ ಹಾಕಿ ಹೈಡ್ರೋಜನ್ ಸೇರಿಸುವುದು. ಪುಸ್ತಕದಲ್ಲಿ ಅದು ಒಂದು ಬಾಣದ ಗುರುತು, ಮುಗಿಯಿತು. ಫ್ಲಾಸ್ಕಿನಲ್ಲಿ ಮಾತ್ರ ಡಬಲ್ ಬಾಂಡ್ ಹೋಗುವಾಗ ಕ್ಲೋರಿನ್ನನ್ನೂ ಕರೆದುಕೊಂಡು ಹೋಗುತ್ತದೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡ ಹಾಗಾಗುತ್ತದೆ ಕಥೆ. ಮೂಗು ಉಳಿಸಿಕೊಳ್ಳುವ ದಾರಿಗಳು ಇಲ್ಲಿವೆ.

1. ಮೊದಲು ಗುರಿ ಬರೆಯಿರಿ, ಆಮೇಲೆ ಸಿಲಿಂಡರ್ ತಿರುಗಿಸಿ

1-ಕ್ಲೋರೋಸೈಕ್ಲೋಹೆಕ್ಸೀನ್ ತೆಗೆದುಕೊಳ್ಳಿ. ಒಂದು ಮೋಲ್ ಹೈಡ್ರೋಜನ್ ಸೇರಿದರೆ ಕ್ಲೋರೋಸೈಕ್ಲೋಹೆಕ್ಸೇನ್. ಎರಡು ಮೋಲ್ ಸೇರಿದರೆ ಬರೀ ಸೈಕ್ಲೋಹೆಕ್ಸೇನ್, ಜೊತೆಗೆ ಹೈಡ್ರೋಜನ್ ಕ್ಲೋರೈಡ್. ಮೊದಲನೆಯದಕ್ಕೆ ಹೈಡ್ರೋಜನೇಷನ್ ಎನ್ನುತ್ತಾರೆ, ಕ್ಲೋರಿನ್ ಕಿತ್ತುಹೋಗುವುದಕ್ಕೆ ಹೈಡ್ರೋಜನೋಲಿಸಿಸ್ ಎನ್ನುತ್ತಾರೆ. ಒಂದೇ ಫ್ಲಾಸ್ಕಿನಲ್ಲಿ, ಒಂದೇ ಲೋಹದ ಮೇಲೆ ಎರಡೂ ಪೈಪೋಟಿಗೆ ಬೀಳುತ್ತವೆ. ಎರಡರಲ್ಲಿ ಯಾವುದು ಬೇಕು ಎಂದು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆಯದೆ ಹೊರಟವರಿಗೆ ಎರಡರ ಮಿಶ್ರಣ ಸಿಗುತ್ತದೆ. ಆ ಮಿಶ್ರಣವನ್ನು ಕಾಲಂ ಹಾಕಿ ಬೇರ್ಪಡಿಸುತ್ತಾ ಕೂತರೆ ವಾರ ಹೋಗುತ್ತದೆ.

ಪರೀಕ್ಷೆಗೆ ಓದುವವರಿಗೆ ಒಂದು ಮಾತು. ದ್ವಿತೀಯ ಪಿಯುಸಿ ಪ್ರಶ್ನೆಯಲ್ಲಿ ‘ನಿಕಲ್, ಹೈಡ್ರೋಜನ್’ ಎಂದಿದ್ದರೆ ಡಬಲ್ ಬಾಂಡ್ ತುಂಬಿಸಿ ಬರೆಯಿರಿ, ಅಂಕ ಬರುತ್ತದೆ. ನೆಟ್ ಪರೀಕ್ಷೆಯಲ್ಲಿ ಬಾಣದ ಮೇಲೆ ಪಲ್ಲಾಡಿಯಂ, ಕೆಳಗೆ ಟ್ರೈಈಥೈಲ್ ಅಮೈನ್ ಕಂಡರೆ ಅವರು ಕೇಳುತ್ತಿರುವುದೇ ಕ್ಲೋರಿನ್ ಎಲ್ಲಿ ಹೋಯಿತು ಎಂದು.

2. ಹ್ಯಾಲೋಜನ್ ಎಲ್ಲಿ ಕೂತಿದೆ, ನೋಡಿ

ಬಿಟ್ಟುಹೋಗುವ ಆತುರದಲ್ಲಿ ಅಯೋಡಿನ್ ಮೊದಲು, ಆಮೇಲೆ ಬ್ರೋಮಿನ್, ಆಮೇಲೆ ಕ್ಲೋರಿನ್, ಕೊನೆಗೆ ಬಹಳ ಹಿಂದೆ ಫ್ಲೋರಿನ್. ಇದು ಎಲ್ಲರಿಗೂ ಬಾಯಿಪಾಠ. ಆದರೆ ಯಾವ ಹ್ಯಾಲೋಜನ್ ಎನ್ನುವಷ್ಟೇ ಮುಖ್ಯ, ಅದು ಯಾವ ಕಾರ್ಬನ್ ಮೇಲಿದೆ ಎನ್ನುವುದು. ಡಬಲ್ ಬಾಂಡಿನ ಕಾರ್ಬನ್ ಮೇಲೇ ಇದ್ದರೆ ವಿನೈಲ್, ಪಕ್ಕದ ಕಾರ್ಬನ್ ಮೇಲಿದ್ದರೆ ಅಲೈಲ್. ಇವೆರಡೂ ಸುಲಭವಾಗಿ ಕಳಚಿಕೊಳ್ಳುತ್ತವೆ. ಮೂರು ನಾಲ್ಕು ಕಾರ್ಬನ್ ಆಚೆ ಸಾಧಾರಣ ಆಲ್ಕೈಲ್ ಕ್ಲೋರೈಡಾಗಿ ಕೂತಿದ್ದರೆ ಹೆಚ್ಚಿನ ಭಯವಿಲ್ಲ, ಧೈರ್ಯವಾಗಿ ಮುಂದುವರಿಯಿರಿ.

ಯಾಕೆ ಹೀಗೆ ಎನ್ನುವುದನ್ನು ತಿಳಿಯಲು 1934ರ ಹೊರಿಯುಟಿ–ಪೊಲಾನ್ಯಿ ವಿವರಣೆ ಸಾಕು. ಹೈಡ್ರೋಜನ್ನಿನ ಎರಡು ಪರಮಾಣುಗಳು ಆಲ್ಕೀನಿಗೆ ಒಟ್ಟಿಗೆ ಹಾರಿ ಬೀಳುವುದಿಲ್ಲ, ಒಂದೊಂದಾಗಿ ಸೇರುತ್ತವೆ. ಮೊದಲನೆಯದು ಸೇರಿ ಎರಡನೆಯದು ಇನ್ನೂ ಸೇರದ ಆ ನಡುಗಾಲದಲ್ಲಿ ಒಂದು ಕಾರ್ಬನ್ ಲೋಹಕ್ಕೆ ಅಂಟಿಕೊಂಡಿರುತ್ತದೆ, ಪಕ್ಕದ ಕಾರ್ಬನ್ ಮೇಲೆ ಕ್ಲೋರಿನ್ ಇರುತ್ತದೆ. ಲೋಹಕ್ಕೆ ಕ್ಲೋರಿನ್ ಕಂಡರೆ ಆಸೆ. ಅದನ್ನು ಎಳೆದುಕೊಂಡು ಕ್ಲೋರಿನ್ ಇಲ್ಲದ ಆಲ್ಕೀನನ್ನು ಹೊರಗೆ ಬಿಡುತ್ತದೆ, ಆ ಆಲ್ಕೀನು ಮತ್ತೆ ಬಂದು ಹೈಡ್ರೋಜನ್ ತಿಂದು ತೃಪ್ತವಾಗುತ್ತದೆ. ಅಲೈಲ್ ಆದರೆ ಇಷ್ಟು ಸುತ್ತು ಕೂಡ ಬೇಕಿಲ್ಲ, ಲೋಹ ನೇರವಾಗಿ ಕ್ಲೋರಿನ್ ಬಿಡಿಸಿ ಮೂರು ಕಾರ್ಬನ್ನಿನ ತುಂಡನ್ನು ಅಪ್ಪಿಕೊಳ್ಳುತ್ತದೆ.

ಇದರಿಂದ ಹೊರಡುವ ತೀರ್ಮಾನವನ್ನು ಬಹಳ ಮಂದಿ ಗಮನಿಸುವುದಿಲ್ಲ. ‘ಬೇಗ ನಿಲ್ಲಿಸಿದರೆ ಕ್ಲೋರಿನ್ ಉಳಿಯುತ್ತೆ’ ಎಂಬ ಮಾತು ಲ್ಯಾಬಿನಲ್ಲಿ ಸದಾ ಓಡಾಡುತ್ತಿರುತ್ತದೆ. ಬೆಂಜೀನ್ ಉಂಗುರದ ಕ್ಲೋರಿನ್ನಿಗೆ ಅದು ಸರಿ: ಮೊದಲು ಡಬಲ್ ಬಾಂಡ್ ತುಂಬುತ್ತದೆ, ಉಂಗುರದ ಕ್ಲೋರಿನ್ ನಿಧಾನವಾಗಿ ಹೊರಡುತ್ತದೆ, ನಡುವೆ ನಿಲ್ಲಿಸಬಹುದು. ವಿನೈಲ್ ಕ್ಲೋರಿನ್ನಿಗೆ ಅದು ಹೊಂದುವುದಿಲ್ಲ. ಅಲ್ಲಿ ನಷ್ಟವಾಗುವುದು ಡಬಲ್ ಬಾಂಡ್ ತುಂಬುವ ಗಳಿಗೆಯಲ್ಲೇ, ತುಂಬಿ ಲೋಹದಿಂದ ಬಿಟ್ಟುಕೊಂಡ ಕ್ಲೋರೋಆಲ್ಕೇನಿಗೆ ಅಷ್ಟೇನೂ ಆಗುವುದಿಲ್ಲ. ಹಾಗಾಗಿ ವಿನೈಲ್ ಹ್ಯಾಲೈಡಿಗೆ ಗಡಿಯಾರ ನೋಡುವುದಕ್ಕಿಂತ ಲೋಹ ಬದಲಾಯಿಸುವುದು ಮೇಲು.

3. ಪಲ್ಲಾಡಿಯಂ ಡಬ್ಬಕ್ಕೇ ಮೊದಲು ಕೈ ಹಾಕಬೇಡಿ

ಲ್ಯಾಬಿನಲ್ಲಿ ಕೈಗೆ ಸಿಗುವುದು ಪಲ್ಲಾಡಿಯಂ-ಕಾರ್ಬನ್ನೇ. ಹ್ಯಾಲೋಜನ್ ಕೀಳುವುದರಲ್ಲಿ ಎತ್ತಿದ ಕೈಯೂ ಅದೇ. ಆಶ್ಚರ್ಯಪಡಬೇಕಾಗಿಲ್ಲ, ಪಿಯುಸಿಯಲ್ಲೇ ಓದಿದ ರೋಸನ್‌ಮುಂಡ್ ಕ್ರಿಯೆಯಲ್ಲಿ ಆಮ್ಲ ಕ್ಲೋರೈಡಿನ ಕ್ಲೋರಿನ್ ತೆಗೆದು ಆಲ್ಡಿಹೈಡ್ ಕೊಡುವುದು ಬೇರಿಯಂ ಸಲ್ಫೇಟ್ ಮೇಲೆ ಕೂರಿಸಿದ ಪಲ್ಲಾಡಿಯಂ ತಾನೆ? 1918ರಿಂದ ಗೊತ್ತಿರುವ ಸಂಗತಿ.

ಕ್ಲೋರಿನ್ ಉಳಿಯಬೇಕಿದ್ದರೆ ಪ್ಲಾಟಿನಂ ಅಥವಾ ರೋಡಿಯಂ ಕಡೆ ತಿರುಗಿ. ರೋಜರ್ ಆಡಮ್ಸ್ 1922ರಲ್ಲಿ ಬಳಕೆಗೆ ತಂದ ಪ್ಲಾಟಿನಂ ಆಕ್ಸೈಡು, ಅಲ್ಯುಮಿನಾ ಮೇಲಿನ ರೋಡಿಯಂ, ಇವೆರಡೂ ಈ ಕೆಲಸಕ್ಕೆ ಸೌಮ್ಯ. ಹ್ಯಾಲೋಜನ್ ದೂರದಲ್ಲಿದ್ದು ಡಬಲ್ ಬಾಂಡಿನ ಸುತ್ತ ಗಿಜಿಗಿಜಿ ಇಲ್ಲದಿದ್ದರೆ 1960ರ ದಶಕದ ವಿಲ್ಕಿನ್ಸನ್ ಕ್ಯಾಟಲಿಸ್ಟ್ ಇನ್ನೂ ಚೆನ್ನಾಗಿ ನಡೆಯುತ್ತದೆ. ಅಲೈಲ್ ಕ್ಲೋರೈಡ್ ಇದ್ದರೆ ಮಾತ್ರ ಅದನ್ನೂ ನಂಬಬೇಡಿ, ಅದರ ರೋಡಿಯಂ ಆ ಕ್ಲೋರಿನ್ನಿನ ಮೇಲೇ ಕಣ್ಣು ಹಾಕುತ್ತದೆ. ಪಲ್ಲಾಡಿಯಂ ಬಿಟ್ಟು ಬೇರೆ ಇಲ್ಲ ಎನ್ನುವ ಲ್ಯಾಬಾದರೆ ಅದರ ಹುಮ್ಮಸ್ಸನ್ನು ಕಡಿಮೆ ಮಾಡುವ ದಾರಿಯೂ ಇದೆ. ಜಪಾನಿನ ಸಾಜಿಕಿ ಅವರ ತಂಡ ಡೈಫಿನೈಲ್ ಸಲ್ಫೈಡ್ ಸೇರಿಸಿ ಪಲ್ಲಾಡಿಯಂಗೆ ಕಡಿವಾಣ ಹಾಕಿತು. ಆ ಕ್ಯಾಟಲಿಸ್ಟು ಆಲ್ಕೀನನ್ನು ತುಂಬಿಸುತ್ತದೆ, ಬೆಂಜೀನ್ ಉಂಗುರದ ಹ್ಯಾಲೋಜನ್ನನ್ನು ಮುಟ್ಟುವುದಿಲ್ಲ.

ಫ್ಲೋರಿನ್ ಇದ್ದಾಗ ಈ ಲೆಕ್ಕವನ್ನು ಕಣ್ಣು ಮುಚ್ಚಿ ಅನ್ವಯಿಸಬೇಡಿ. ವಿನೈಲ್ ಫ್ಲೋರೈಡುಗಳಲ್ಲಿ ಪ್ಲಾಟಿನಂ ಪಲ್ಲಾಡಿಯಂಗಿಂತ ಹೆಚ್ಚು ಫ್ಲೋರಿನ್ ಕಿತ್ತ ಉದಾಹರಣೆಗಳಿವೆ. ಕಾರ್ಬನ್–ಫ್ಲೋರಿನ್ ಬಂಧ ಬಲು ಗಟ್ಟಿ ಎಂಬ ಧೈರ್ಯ ಡಬಲ್ ಬಾಂಡಿನ ಪಕ್ಕದಲ್ಲಿ ಕೆಲಸಕ್ಕೆ ಬರುವುದಿಲ್ಲ.

4. ಟ್ರೈಈಥೈಲ್ ಅಮೈನ್ ಬಾಟಲಿಯನ್ನು ದೂರ ಇಡಿ

ಕ್ಲೋರಿನ್ ಹೊರಬಿದ್ದರೆ ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ, ಅದು ಕ್ಯಾಟಲಿಸ್ಟಿನ ಕೈ ಕಟ್ಟುತ್ತದೆ. ಉಳಿಸಿಕೊಳ್ಳಬೇಕು ಎನ್ನುವವರಿಗೆ ಇದು ಪುಕ್ಕಟೆ ಸಿಕ್ಕ ಸಹಾಯ. ಬೇಸ್ ಹಾಕಿದಿರೋ, ಆ ಆಮ್ಲ ಶಮನವಾಗಿ ಕ್ಯಾಟಲಿಸ್ಟ್ ಮತ್ತೆ ಹಸಿದು ಕೂರುತ್ತದೆ. ಹಿಂದಿನ ಹಂತದ ಅಮೈನ್ ಒಂದಿಷ್ಟು ಉಳಿದಿದ್ದರೂ ಸಾಕು. ಆಲ್ಕೀನನ್ನು ಚೆನ್ನಾಗಿ ತೊಳೆದು ಹಾಕಿ.

5. ಮೈಸೂರಿನಲ್ಲಿ 22.4 ಲೀಟರ್ ನಂಬಬೇಡಿ

ಈ ಸೂತ್ರವನ್ನು ಯಾವ ಗೈಡಿನಲ್ಲೂ ನಾನು ನೋಡಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೈಡ್ರೋಜನ್ ಎಷ್ಟು ಒಳಗೆ ಹೋಯಿತು ಎಂದು ಅಳೆಯುವ ಗಾಜಿನ ಬ್ಯುರೆಟ್ಟು ಈಗಲೂ ಒಳ್ಳೆಯ ಗುರು. 10 ಮಿಲಿಮೋಲ್ ಆಲ್ಕೀನಿಗೆ 10 ಮಿಲಿಮೋಲ್ ಹೈಡ್ರೋಜನ್. ಒಂದು ಮೋಲಿಗೆ 22.4 ಲೀಟರ್ ಎಂಬ ಲೆಕ್ಕದಲ್ಲಿ 224 ಮಿ.ಲೀ. ಇಳಿದ ಕೂಡಲೇ ಕೈ ಎತ್ತಿಬಿಡುತ್ತಾರೆ. ಆ 22.4 ಇರುವುದು ಸೊನ್ನೆ ಡಿಗ್ರಿಗೆ, ಸಮುದ್ರಮಟ್ಟದ ಒತ್ತಡಕ್ಕೆ. ಮೈಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲೆ. ಇಲ್ಲಿನ ಗಾಳಿಯ ಒತ್ತಡ 101.3 ಕಿಲೋಪಾಸ್ಕಲ್ ಅಲ್ಲ, 92.5ರ ಆಸುಪಾಸು. ಲ್ಯಾಬಿನ ಉಷ್ಣತೆ 27 ಡಿಗ್ರಿ ಎಂದುಕೊಳ್ಳಿ. ಒಂದು ಮೋಲ್ ಅನಿಲ ಇಲ್ಲಿ ಹತ್ತಿರ ಹತ್ತಿರ 27 ಲೀಟರ್ ಜಾಗ ಹಿಡಿಯುತ್ತದೆ. ನೀರಿನ ಮೇಲೆ ಹಿಡಿದಿಟ್ಟ ಹೈಡ್ರೋಜನ್ ಆದರೆ ನೀರಾವಿಯ ಪಾಲು ಕಳೆದು 28 ಲೀಟರ್. ಅಂದರೆ ನಿಮ್ಮ 10 ಮಿಲಿಮೋಲಿಗೆ ಬೇಕಾದದ್ದು 280 ಮಿ.ಲೀ. 224ಕ್ಕೆ ನಿಲ್ಲಿಸಿದವರ ಫ್ಲಾಸ್ಕಿನಲ್ಲಿ ಐದನೇ ಒಂದು ಭಾಗ ಆಲ್ಕೀನ್ ಹಾಗೇ ಕೂತಿರುತ್ತದೆ. ಎನ್‌ಎಂಆರ್ ನೋಡಿ ‘ಕ್ಯಾಟಲಿಸ್ಟ್ ಸರಿ ಇಲ್ಲ’ ಎಂದು ಅಂಗಡಿಯವನನ್ನು ಬೈಯುತ್ತಾರೆ.

ಇದೇ ಅಳತೆ ಕ್ಲೋರಿನ್ನಿನ ಕಥೆಯನ್ನೂ ಹೇಳುತ್ತದೆ. ಐದೈದು ನಿಮಿಷಕ್ಕೊಮ್ಮೆ ಬ್ಯುರೆಟ್ ಓದಿ ಗ್ರಾಫ್ ಹಾಕಿ. ಗೆರೆ 280ರ ಹತ್ತಿರ ಮಲಗಿಕೊಂಡರೆ ಒಳ್ಳೆಯ ಲಕ್ಷಣ. ಮಲಗದೆ ಏರುತ್ತಲೇ ಹೋದರೆ ಆ ಹೆಚ್ಚಿನ ಹೈಡ್ರೋಜನ್ ಹ್ಯಾಲೋಜನ್ ಕೀಳಲು ಖರ್ಚಾಗುತ್ತಿದೆ. 350ಕ್ಕೆ ಬಂದು ನಿಂತಿತು, ಆಲ್ಕೀನ್ ಎಲ್ಲ ಮುಗಿದಿದೆ ಎಂದಾದರೆ ಕಾಲು ಭಾಗ ಕ್ಲೋರಿನ್ ಕೈಬಿಟ್ಟಿದೆ ಎಂದು ಲೆಕ್ಕ ಹಾಕಬಹುದು. ಟಿಎಲ್‌ಸಿ ಪ್ಲೇಟು ಈ ಸೂಕ್ಷ್ಮ ಹೇಳುವುದಿಲ್ಲ. ಕ್ಲೋರೋಸೈಕ್ಲೋಹೆಕ್ಸೇನಿಗಾಗಲಿ ಸೈಕ್ಲೋಹೆಕ್ಸೇನಿಗಾಗಲಿ ಯುವಿ ದೀಪದ ಕೆಳಗೆ ಕಲೆಯೇ ಕಾಣದು.

ಎರಡು ತಿದ್ದುಪಡಿ ಮರೆಯಬೇಡಿ. ಪ್ಲಾಟಿನಂ ಆಕ್ಸೈಡು ಲೋಹವಾಗಲು ತಾನೇ ಹೈಡ್ರೋಜನ್ ಕುಡಿಯುತ್ತದೆ, 50 ಮಿಲಿಗ್ರಾಂ ಆಕ್ಸೈಡು ಮೈಸೂರಿನ ಲೆಕ್ಕದಲ್ಲಿ ಸುಮಾರು 12 ಮಿ.ಲೀ. ಆದ್ದರಿಂದ ಮೊದಲು ಕ್ಯಾಟಲಿಸ್ಟನ್ನಷ್ಟೇ ದ್ರಾವಕದಲ್ಲಿ ಹೈಡ್ರೋಜನ್ ಜೊತೆ ಕಲಕಿ, ಬ್ಯುರೆಟ್ ನಿಂತ ಮೇಲೆ ಆಲ್ಕೀನ್ ಬಿಡಿ. ಮೆಥನಾಲಿನ ಆವಿಯೂ ಬ್ಯುರೆಟ್ಟಿನಲ್ಲಿ ಪಾಲು ಕೇಳುತ್ತದೆ, ಈ ಖಾಲಿ ಓಟದಲ್ಲಿ ಅದರ ಲೆಕ್ಕವೂ ಸಿಗುತ್ತದೆ.

ಬಲೂನ್ ಅಥವಾ ಫುಟ್ಬಾಲ್ ಬ್ಲ್ಯಾಡರ್ ಕಟ್ಟಿ ರಾತ್ರಿಯಿಡೀ ಬಿಟ್ಟುಹೋಗುವವರಿಗೆ ಈ ಮಾಹಿತಿ ಯಾವುದೂ ಸಿಗದು. ಬ್ಲ್ಯಾಡರ್ ಸುಲಭ, ಒಪ್ಪಿದೆ. ಹ್ಯಾಲೋಜನ್ ಇಲ್ಲದ ಆಲ್ಕೀನಿಗೆ ಅದೇ ಸಾಕು.

6. ಹತ್ತು ಪೈಸೆಯ ಪರೀಕ್ಷೆ, ಹತ್ತು ಸಾವಿರದ ಉತ್ತರ

ಕ್ರಿಯೆಯ ದ್ರಾವಣದಿಂದ ಒಂದು ಮಿ.ಲೀ. ತೆಗೆದು ಸೋಸಿ, ಈಥರ್ ಹಾಕಿ ನೀರಿನಲ್ಲಿ ಕುಲುಕಿ. ಕೆಳಗಿನ ನೀರಿನ ಪದರಕ್ಕೆ ಎರಡು ತೊಟ್ಟು ನೈಟ್ರಿಕ್ ಆಮ್ಲ, ಎರಡು ತೊಟ್ಟು ಸಿಲ್ವರ್ ನೈಟ್ರೇಟ್. ಹಾಲಿನಂತೆ ಬೆಳ್ಳಗಾದರೆ ಕ್ಲೋರಿನ್ ಹೊರಬಂದಿದೆ. ತಿಳಿ ಹಳದಿ ಕೆನೆಯಾದರೆ ಬ್ರೋಮೈಡ್, ಹಳದಿಯಾದರೆ ಅಯೋಡೈಡ್. ಫ್ಲೋರೈಡಿಗೆ ಈ ಪರೀಕ್ಷೆ ಕುರುಡು, ಸಿಲ್ವರ್ ಫ್ಲೋರೈಡ್ ನೀರಿನಲ್ಲಿ ಕರಗಿಬಿಡುತ್ತದೆ.

ನೀರಿನ ಪದರವೇ ಬೇಕು ಎನ್ನುವುದಕ್ಕೆ ಕಾರಣವಿದೆ. ಅಲೈಲ್ ಕ್ಲೋರೈಡಿಗೆ ಆಲ್ಕೋಹಾಲಿನಲ್ಲಿ ನೇರವಾಗಿ ಸಿಲ್ವರ್ ನೈಟ್ರೇಟ್ ಹಾಕಿದರೆ ಕ್ಯಾಟಲಿಸ್ಟ್ ಮುಟ್ಟದಿದ್ದರೂ ಬೆಳ್ಳಗಾಗುತ್ತದೆ. ಶುರು ಮಾಡಿದ ಆಲ್ಕೀನಿಗೂ ಇದೇ ಪರೀಕ್ಷೆ ಪಕ್ಕದಲ್ಲಿ ಮಾಡಿ ಹೋಲಿಸಿ. ಆಮೇಲೆ ಮಾಸ್ ಸ್ಪೆಕ್ಟ್ರಮ್ ಬಂದಾಗ ಕ್ಲೋರಿನ್ ಇದ್ದರೆ ಎರಡು ಘಟಕದ ಅಂತರದಲ್ಲಿ ಮೂರಕ್ಕೊಂದರಂತೆ ಜೋಡಿ ಗೆರೆ, ಬ್ರೋಮಿನ್ ಇದ್ದರೆ ಸರಿಸಮ ಜೋಡಿ. ಜೋಡಿ ಇಲ್ಲದ ಒಂಟಿ ಗೆರೆ ಬಂತೆಂದರೆ ಮತ್ತೆ ಮೂರನೇ ಸೂತ್ರಕ್ಕೆ ಹೋಗಿ.

7. ಸಿಲಿಂಡರ್ ಇಲ್ಲವೇ? ಮಾನಸಗಂಗೋತ್ರಿಯ ದಾರಿ ನೋಡಿ

ಹೈಡ್ರೋಜನ್ ಸಿಲಿಂಡರ್ ಇಲ್ಲದೆಯೂ ಹೈಡ್ರೋಜನ್ ಕೊಡಬಹುದು ಎನ್ನುವುದಕ್ಕೆ ನಮ್ಮ ಊರಲ್ಲೇ ದೊಡ್ಡ ಉದಾಹರಣೆಯಿದೆ. ಮೈಸೂರು ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಡಿ. ಚನ್ನೇಗೌಡರು ಮತ್ತು ಅವರ ಸಂಶೋಧನಾ ವಿದ್ಯಾರ್ಥಿಗಳು 2000ದ ದಶಕದಲ್ಲಿ ಈ ವಿಷಯದ ಮೇಲೆ ಸಾಲು ಸಾಲು ಪ್ರಬಂಧ ಪ್ರಕಟಿಸಿದರು. ಅಮೋನಿಯಂ ಫಾರ್ಮೇಟ್, ಹೈಡ್ರಜೀನಿಯಂ ಮಾನೋಫಾರ್ಮೇಟ್ ಇಂಥ ಸರಳ ಲವಣಗಳೇ ಹೈಡ್ರೋಜನ್ ದಾನಿಗಳು. ಜೊತೆಗೆ ಸತುವಿನ ಪುಡಿ, ಮೆಗ್ನೀಸಿಯಂ ಅಥವಾ ರೇನಿ ನಿಕಲ್. ನೈಟ್ರೋ ಗುಂಪು ಅಮೈನ್ ಆಗುತ್ತದೆ, ಪಕ್ಕದಲ್ಲಿದ್ದ ಹ್ಯಾಲೋಜನ್ ಹಾಗೇ ಇರುತ್ತದೆ. ಇನ್ನೊಂದು ಕೆಲಸದಲ್ಲಿ ಅದೇ ತಂಡ ಪಾಲಿಮರಿಗೆ ಕಟ್ಟಿದ ಫಾರ್ಮೇಟ್ ಮತ್ತು ಪಲ್ಲಾಡಿಯಂ ಬಳಸಿ ಕ್ಲೋರೋಫಿನಾಲುಗಳಿಂದ ಕ್ಲೋರಿನ್ನನ್ನು ಕಿತ್ತಿತು. ಒಂದೇ ಲ್ಯಾಬು, ಎರಡೂ ಕಡೆ ದಾನಿ ಫಾರ್ಮೇಟೇ. ಲೋಹ ಬದಲಾದ ಕೂಡಲೇ ಫಲಿತಾಂಶ ಮಗುಚಿ ಬಿತ್ತು.

ಇವು ಬೆಂಜೀನ್ ಉಂಗುರದ ಸಂಗತಿಗಳು, ಆಲ್ಕೀನಿನವಲ್ಲ. ಪಾಠ ಮಾತ್ರ ಆಲ್ಕೀನಿಗೂ ಸಲ್ಲುತ್ತದೆ: ಪಲ್ಲಾಡಿಯಂ ಜೊತೆ ಫಾರ್ಮೇಟ್ ಹಾಕಿ ಕ್ಲೋರಿನ್ ಉಳಿಯಲಿ ಎಂದು ಹರಕೆ ಹೊರಬೇಡಿ.

ಹ್ಯಾಲೋಜನ್ ಇರುವ ಆಲ್ಕೀನಿಗೆ ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿಯಲ್ಲಿ ಲೋಹವೇ ಇಲ್ಲ. ಡೈಇಮೈಡ್ ಎಂಬ ಅಲ್ಪಾಯುಷಿ ಅಣು ತನ್ನ ಎರಡು ಹೈಡ್ರೋಜನ್ನನ್ನು ಒಟ್ಟಿಗೆ, ಒಂದೇ ಬದಿಯಿಂದ ಡಬಲ್ ಬಾಂಡಿಗೆ ದಾಟಿಸಿ ನೈಟ್ರೋಜನ್ ಆಗಿ ಹಾರಿಹೋಗುತ್ತದೆ. ಲೋಹ ಇಲ್ಲದ ಮೇಲೆ ಕ್ಲೋರಿನ್ನನ್ನು ಎಳೆಯುವವರು ಯಾರು? ಅಲೈಲ್ ಬ್ರೋಮೈಡ್ ಕೂಡ ಬದುಕಿಕೊಳ್ಳುತ್ತದೆ. ಪೊಟ್ಯಾಸಿಯಂ ಅಜೋಡೈಕಾರ್ಬಾಕ್ಸಿಲೇಟ್ ಎಂಬ ಹಳದಿ ಪುಡಿಯನ್ನು ಮೆಥನಾಲಿನಲ್ಲಿ ಹಾಕಿ, ಅಸಿಟಿಕ್ ಆಮ್ಲವನ್ನು ತೊಟ್ಟು ತೊಟ್ಟಾಗಿ ಬಿಟ್ಟರೆ ಗುಳ್ಳೆ ಏಳುತ್ತಾ ಹಳದಿ ಮಾಯವಾಗುತ್ತದೆ. ಹಳದಿ ಹೋದರೆ ಡೈಇಮೈಡ್ ಮುಗಿದಿದೆ ಎಂದು ಅರ್ಥ, ಬೇರೆ ಗಡಿಯಾರ ಬೇಡ. ಆ ಪುಡಿಯನ್ನು ಮಾಡುವುದು ಅಜೋಡೈಕಾರ್ಬನಮೈಡಿನಿಂದ; ಚಪ್ಪಲಿಯ ಸ್ಪಂಜಿನಂಥ ಅಟ್ಟೆ ಉಬ್ಬಿಸಲು ಬಳಸುವ ರಾಸಾಯನಿಕವೇ ಅದು.

ದೋಷವೂ ಇದೆ. ಡೈಇಮೈಡ್ ತನ್ನಲ್ಲೇ ಜಗಳವಾಡಿಕೊಂಡು ಹಾಳಾಗುತ್ತದೆ, ಆದ್ದರಿಂದ ಹಲವು ಪಟ್ಟು ಹೆಚ್ಚು ಬೇಕು. ಮೂರು ನಾಲ್ಕು ಗುಂಪುಗಳು ಮುತ್ತಿಕೊಂಡ ಡಬಲ್ ಬಾಂಡ್ ಕಂಡರೆ ಅದಕ್ಕೆ ಸೋಮಾರಿತನ. ಮೊದಲ ಸೂತ್ರದ 1-ಕ್ಲೋರೋಸೈಕ್ಲೋಹೆಕ್ಸೀನಿಗೆ ಇದನ್ನು ನಾನು ಹೇಳುವುದಿಲ್ಲ, ತುದಿಯಲ್ಲಿ ಡಬಲ್ ಬಾಂಡ್ ಇರುವ ಕ್ಲೋರೈಡಿಗೆ ಕಣ್ಣು ಮುಚ್ಚಿ ಹೇಳುತ್ತೇನೆ.

8. ಕೀಳುವುದೇ ಗುರಿಯಾದರೆ ಹಿಂಜರಿಯಬೇಡಿ

ಲೋಹ ಸ್ವಚ್ಛಮಾಡಲು ಬಳಸುವ ಟ್ರೈಕ್ಲೋರೋಈಥಿಲೀನ್ ಅಂತರ್ಜಲ ಸೇರಿದರೆ ದೊಡ್ಡ ತಲೆನೋವು. ಅಮೆರಿಕದಲ್ಲಿ ಅಂಥ ನೀರಿಗೆ ಹೈಡ್ರೋಜನ್ ಬೆರೆಸಿ ಪಲ್ಲಾಡಿಯಂ ಮೇಲೆ ಹರಿಸಿ ಮೂರೂ ಕ್ಲೋರಿನ್ ಕಿತ್ತು ಈಥೇನ್ ಮಾಡಿದ್ದಾರೆ. ನಾವು ಲ್ಯಾಬಿನಲ್ಲಿ ಬೈಯುವ ಅದೇ ಗುಣ ಅಲ್ಲಿ ಕುಡಿಯುವ ನೀರಿಗೆ ದಾರಿ.

ಕಾರಿನ ಎಸಿಯ ಹಿಂದೆಯೂ ಇದೇ ಪಲ್ಲಾಡಿಯಂ ರಸಾಯನ ಕೂತಿದೆ, ಅಲ್ಲಿ ಮಾತ್ರ ಹ್ಯಾಲೋಜನ್ ಉಳಿಸುವುದೇ ಗುರಿ. ಹಳೆಯ ಆರ್-134ಎ ಅನಿಲದ ಭೂತಾಪ ಸಾಮರ್ಥ್ಯ ಇಂಗಾಲದ ಡೈಆಕ್ಸೈಡಿಗಿಂತ 1430 ಪಟ್ಟು. ಅದರ ಜಾಗಕ್ಕೆ ಬಂದ ಆರ್-1234ವೈಎಫ್‌ನದು 5ಕ್ಕಿಂತ ಕಡಿಮೆ. ಈ ಹೊಸ ಅನಿಲವನ್ನು ಮಾಡುವ ಒಂದು ದಾರಿ ಹೆಕ್ಸಾಫ್ಲೋರೋಪ್ರೊಪೀನಿನಿಂದ ಶುರುವಾಗುತ್ತದೆ: ಪಲ್ಲಾಡಿಯಂ ಮೇಲೆ ಹೈಡ್ರೋಜನ್ ಸೇರಿಸು, ಹೈಡ್ರೋಜನ್ ಫ್ಲೋರೈಡ್ ತೆಗೆ, ಮತ್ತೆ ಹೈಡ್ರೋಜನ್ ಸೇರಿಸು, ಮತ್ತೆ ತೆಗೆ. ಎರಡು ಸಲ ಹೈಡ್ರೋಜನ್ ಸೇರುವಾಗಲೂ ಫ್ಲೋರಿನ್ ಜಾಗ ಬಿಡಬಾರದು. ಕ್ಲೋರೋಟ್ರೈಫ್ಲೋರೋಈಥಿಲೀನಿನದು ಇನ್ನೂ ಸೊಗಸು. ಸರಿಯಾದ ಪಲ್ಲಾಡಿಯಂ ಕ್ಯಾಟಲಿಸ್ಟ್ ಮೇಲೆ ಕ್ಲೋರಿನ್ ಮಾತ್ರ ಹೋಗಿ, ಮೂರು ಫ್ಲೋರಿನ್ನೂ ಡಬಲ್ ಬಾಂಡೂ ಉಳಿದು ಟ್ರೈಫ್ಲೋರೋಈಥಿಲೀನ್ ಸಿಗುತ್ತದೆ. ಸಂದರ್ಶನದಲ್ಲಿ ಸೆಲೆಕ್ಟಿವಿಟಿ ಎಂದರೇನು ಎಂದು ಕೇಳಿದರೆ ವ್ಯಾಖ್ಯೆ ಒಪ್ಪಿಸುವ ಬದಲು ಇದನ್ನು ಬೋರ್ಡಿನ ಮೇಲೆ ಬರೆಯಿರಿ.

9. ಬೆಂಕಿಯ ವಿಷಯದಲ್ಲಿ ಜಾಣತನ ಬೇಡ

ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಎಷ್ಟೇ ಇದ್ದರೂ ಹೊತ್ತಿಕೊಳ್ಳುತ್ತದೆ, ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ. ಒಣ ಪಲ್ಲಾಡಿಯಂ-ಕಾರ್ಬನ್ ಮೇಲೆ ಮೆಥನಾಲ್ ಸುರಿದರೆ ಹೈಡ್ರೋಜನ್ ಬರುವ ಮೊದಲೇ ಬೆಂಕಿ. ಅರ್ಧ ತೂಕ ನೀರಿರುವ ಒದ್ದೆ ಕ್ಯಾಟಲಿಸ್ಟನ್ನೇ ಕೊಳ್ಳಿ. ಫ್ಲಾಸ್ಕಿಗೆ ಮೊದಲು ನೈಟ್ರೋಜನ್ ತುಂಬಿ, ಆಮೇಲೆ ಕ್ಯಾಟಲಿಸ್ಟ್, ಆಮೇಲೆ ದ್ರಾವಕ. ಹೈಡ್ರೋಜನ್ ಬಿಡುವ ಮುಂಚೆಯೂ ಮುಗಿದ ಮೇಲೆಯೂ ಒಳಗಿನ ಅನಿಲ ಎಳೆದು ನೈಟ್ರೋಜನ್ ತುಂಬುವುದನ್ನು ಮೂರು ಸಲ ಮಾಡಿ. ಇದನ್ನೆಲ್ಲ ಮಾಡುವುದು ಫ್ಯೂಮ್ ಹುಡ್ಡಿನಲ್ಲಿ, ಬಾಡಿಗೆ ರೂಮಿನ ಟೆರೇಸಿನಲ್ಲಲ್ಲ. ಯೂಟ್ಯೂಬ್ ನೋಡಿ ಸತುವಿಗೆ ಆಮ್ಲ ಹಾಕಿ ಬಲೂನ್ ತುಂಬಿಸುವ ಉತ್ಸಾಹಿಗಳು ನಮ್ಮ ಬೀದಿಗಳಲ್ಲೂ ಇದ್ದಾರೆ, ಅದಕ್ಕೇ ಹೇಳಿದೆ.

ನಂಜನಗೂಡಿಗೆ ಹೋಗುವವರು ಇನ್ನೊಂದು ನೆನಪಿಡಿ. ಫ್ಲಾಸ್ಕಿನಲ್ಲಿ ಶೇಕಡಾ 2 ಕ್ಲೋರಿನ್ ಹೋದರೆ ಇಳುವರಿ ಒಂದಿಷ್ಟು ಕಡಿಮೆ, ಅಷ್ಟೇ. ದೊಡ್ಡ ಆಟೋಕ್ಲೇವಿನಲ್ಲಿ ಅದೇ ಶೇಕಡಾ 2 ಕಿಲೋಗಟ್ಟಲೆ ಹೈಡ್ರೋಜನ್ ಕ್ಲೋರೈಡು, ತೇವ ಸೇರಿದರೆ 316 ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ. ಬ್ಯಾಚ್ ಶೀಟಿನಲ್ಲಿ ಹ್ಯಾಲೋಜನ್ ಇರುವ ಆಲ್ಕೀನ್ ಕಂಡರೆ ಪಾತ್ರೆ ಯಾವ ಲೋಹದ್ದು, ಗ್ಲಾಸ್ ಲೈನಿಂಗ್ ಇದೆಯೇ, ಹ್ಯಾಸ್ಟೆಲಾಯ್ ಇದೆಯೇ ಎಂದು ಸೂಪರ್‌ವೈಸರನ್ನು ಕೇಳಿ. ಕೇಳಿದ್ದಕ್ಕೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ.

ಸೋಸುವಾಗ ಸೆಲೈಟ್ ಮೇಲಿನ ಕರಿ ಪದರ ಒಣಗಲು ಬಿಡಬೇಡಿ. ಹೈಡ್ರೋಜನ್ ಕುಡಿದ ಪಲ್ಲಾಡಿಯಂ ಪಂಪಿನ ಎಳೆತಕ್ಕೆ ಒಣಗಿ ಗಾಳಿ ಸೋಕಿದ ಕೂಡಲೇ ಕೆಂಡವಾಗುತ್ತದೆ, ಕೆಳಗೆ ದ್ರಾವಕ ಕಾದಿರುತ್ತದೆ. ಕೊನೆಯ ತೊಳೆತ ಮುಗಿಯುವ ಮುಂಚೆಯೇ ನೀರು ಸುರಿದು, ಒದ್ದೆ ಸೆಲೈಟನ್ನು ನೀರಿರುವ ಡಬ್ಬಕ್ಕೆ ಹಾಕಿ. ಡಬ್ಬದ ಮೇಲೆ ಲೋಹದ ಹೆಸರು, ದ್ರಾವಕ, ಯಾವ ಹ್ಯಾಲೈಡ್, ತಾರೀಖು ಬರೆಯಿರಿ. ಲೋಹ ಮರಳಿ ತೆಗೆಯುವವರಿಗೆ ಕಳಿಸುವಾಗ ಅವರು ಕೇಳುವುದು ಅದನ್ನೇ.